ಪ್ರಾಜೆಕ್ಟ್ ಸೆಂಟರಿನಲ್ಲಿ ಟಾಪಿಕ್ ತಗೊಳ್ಳುವ ಮೊದಲು ಇದನ್ನೊಮ್ಮೆ ಓದಿ (ವ್ಯಾಯಾಮ, ಸೈಕಾಲಜಿ ಅಂತ ಹೊರಟವರಿಗೆ)

ಕಾಸರಗೋಡು ಪೇಟೆಯಲ್ಲಿ ಡಿಗ್ರಿ, ಪಿಜಿ ಮಕ್ಕಳಿಗೆ ಪ್ರಾಜೆಕ್ಟಿನ ಕೆಲಸ ಮಾಡಿಕೊಡುವ ಒಂದು ಸೆಂಟರಿಗೆ ನನ್ನ ಚಿಕ್ಕಪ್ಪನ ಮಗಳ ಜೊತೆ ಹೋಗಿದ್ದೆ, ಅದರ ರಿವ್ಯೂ ಇದು. ಸೆಂಟರಿನ ಹೆಸರು ಹಾಕುದಿಲ್ಲ, ಯಾಕಂದ್ರೆ ಇಂಥದ್ದು ಅದೊಂದೇ ಅಲ್ಲ, ಮಂಗಳೂರಿಂದ ಕಣ್ಣೂರಿನವರೆಗೆ ಯಾವ ಕಾಲೇಜಿನ ಹತ್ರ ಹೋದ್ರೂ ಒಂದು ಸಿಗ್ತದೆ, ಎಲ್ಲಾ ಕಡೆಯೂ ಕಥೆ ಹೆಚ್ಚುಕಮ್ಮಿ ಹೀಗೇ. ಪ್ರಿಂಟಿಂಗ್, ಬೈಂಡಿಂಗ್ ಚಂದ ಮಾಡ್ತಾರೆ, ರೇಟೂ ನ್ಯಾಯವಾಗಿ ಉಂಟು, ಅದಕ್ಕೆ ಐದಕ್ಕೆ ಐದು ಸ್ಟಾರ್. ಟಾಪಿಕ್ ಸೆಲೆಕ್ಷನ್ ಅಂತ ಒಂದು ಸರ್ವಿಸ್ ಇಟ್ಟಿದ್ದಾರಲ್ಲ, ಅದಕ್ಕೆ ಒಂದೇ ಸ್ಟಾರ್. ಅದ್ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳ್ಬೇಕಾಗ್ತದೆ, ಈ ವರ್ಷ ಪ್ರಾಜೆಕ್ಟ್ ಮಾಡುವ ಮಕ್ಕಳು ಮನೆಯಲ್ಲಿದ್ರೆ ಅವರಿಗೆ ಓದ್ಲಿಕ್ಕೆ ಕೊಡಿ.

ತಂಗಿ ಸೈಕಾಲಜಿ ಡಿಗ್ರಿಯ ಕೊನೆಯ ವರ್ಷ. ವ್ಯಾಯಾಮಕ್ಕೂ ಮನಸ್ಸಿಗೂ ಇರುವ ಸಂಬಂಧದ ಮೇಲೆ ಏನಾದ್ರೂ ಮಾಡ್ಬೇಕು ಅಂತ ಅವಳಿಗೆ ಮೊದಲಿಂದ ಆಸೆ. ನಾನು ಎಂಎ ಸೈಕಾಲಜಿ ಮಾಡಿ ಈಗ ಹೈಸ್ಕೂಲಿನಲ್ಲಿ ಪಾಠ ಮಾಡುವವಳು. "ಅಕ್ಕಾ ನೀನೂ ಬಾ, ಅವರು ಹೇಳುವುದು ಸರಿಯಾ ನೋಡು" ಅಂದಳು, ಹೋದೆ.

ಕೌಂಟರಿನಲ್ಲಿದ್ದ ಅಣ್ಣ ಒಳ್ಳೆಯ ಮನುಷ್ಯ, ಕನ್ನಡ ಮಲಯಾಳಂ ಎರಡರಲ್ಲೂ ಚಂದಕ್ಕೆ ಮಾತಾಡ್ತಾರೆ. ಸಬ್ಜೆಕ್ಟ್ ಎಂತ ಕೇಳಿದ್ರು, ಹೇಳಿದ ಕೂಡ್ಲೆ ಕಂಪ್ಯೂಟರಿಂದ ಒಂದು ಲಿಸ್ಟ್ ಪ್ರಿಂಟ್ ತೆಗೆದು ಕೊಟ್ರು. ಯೋಗ ಮತ್ತು ಒತ್ತಡ, ಜಿಮ್ ಮತ್ತು ಆತ್ಮವಿಶ್ವಾಸ, ಕ್ರೀಡೆ ಮತ್ತು ವ್ಯಕ್ತಿತ್ವ, ನಡಿಗೆ ಮತ್ತು ಖಿನ್ನತೆ, ಹೀಗೆ ಉದ್ದಕ್ಕೆ. ಬೇಕಾದ್ದಕ್ಕೆ ಟಿಕ್ ಹಾಕಿ, ಟೈಟಲ್, ಉದ್ದೇಶಗಳು, ಪ್ರಶ್ನಾವಳಿ ಎಲ್ಲಾ ಸೇರಿ ಒಂದು ಪ್ಯಾಕೇಜ್ ಅಂದ್ರು. ಅವಳು ಯಾರನ್ನ ಕೇಳ್ಲಿಕ್ಕೆ ಹೋಗ್ತಾಳೆ, ಯಾವ ಭಾಷೆಯಲ್ಲಿ ಕೇಳ್ತಾಳೆ, ಕೈಯಲ್ಲಿ ಎಷ್ಟು ತಿಂಗಳು ಉಂಟು, ಗೈಡ್ ಎಂತ ಹೇಳಿದ್ದಾರೆ, ಅವಳಿಗೇ ಎಂತ ತಿಳ್ಕೊಳ್ಳುವ ಆಸೆ, ಇದರಲ್ಲಿ ಒಂದನ್ನೂ ಕೇಳ್ಲಿಲ್ಲ. ಟಾಪಿಕ್ ಹುಟ್ಟುದೇ ಈ ಪ್ರಶ್ನೆಗಳಿಂದ, ಅದನ್ನ ಕೇಳದವರ ಹತ್ರ ದುಡ್ಡು ಕೊಟ್ಟು ಟಾಪಿಕ್ ತಗೊಂಡ್ರೆ ಬೇರೆಯವರ ಅಳತೆಗೆ ಹೊಲಿಸಿದ ಅಂಗಿ ತಗೊಂಡ ಹಾಗೆ ಆಗ್ತದೆ.

ಅವರು ರೆಕಮೆಂಡ್ ಮಾಡಿದ ಟೈಟಲ್ಲು ಯುವಜನರ ಮಾನಸಿಕ ಆರೋಗ್ಯದ ಮೇಲೆ ವ್ಯಾಯಾಮದ ಪ್ರಭಾವ. ಕೇಳ್ಲಿಕ್ಕೆ ದೊಡ್ಡದಾಗಿ ಉಂಟು. ಒಂದು ಫಾರ್ಮ್ ಒಂದೇ ಸಲ ತುಂಬಿಸಿ ತಗೊಂಡು ಪ್ರಭಾವ ಅಂತ ಹೇಳ್ಲಿಕ್ಕೆ ಆಗುದೇ ಇಲ್ಲ. ವ್ಯಾಯಾಮ ಮಾಡುವವರ ಮನಸ್ಸು ಹಗುರ ಇದೆ ಅಂತ ಕಂಡ್ರೆ, ವ್ಯಾಯಾಮದಿಂದ ಹಗುರ ಆಯ್ತಾ, ಮನಸ್ಸು ಹಗುರ ಇದ್ದವರಿಗೇ ಬೆಳಿಗ್ಗೆ ಎದ್ದು ಹೋಗುವ ಹುಮ್ಮಸ್ಸು ಇರುದಾ, ಇಲ್ಲಾ ಕೈಯಲ್ಲಿ ಕಾಸು, ಟೈಮು ಎರಡೂ ಇರುವವರಿಗೆ ಎರಡೂ ಒಟ್ಟಿಗೆ ಸಿಗ್ತಾ ಉಂಟಾ, ಗೊತ್ತಾಗುದಿಲ್ಲ. ಪ್ರಭಾವ ಅಂತ ಹೇಳ್ಬೇಕಾದ್ರೆ ಎಷ್ಟು ಕೆಲಸ ಉಂಟು ಅಂತ ತಂಗಿಗೆ ನಾನು ಅಮೇರಿಕದ ಡ್ಯೂಕ್ ಯೂನಿವರ್ಸಿಟಿಯ ಬ್ಲೂಮೆಂತಾಲ್ ತಂಡ 1999ರಲ್ಲಿ ಪ್ರಕಟ ಮಾಡಿದ ಅಧ್ಯಯನ ತೋರಿಸಿದೆ. ಖಿನ್ನತೆ ಇದ್ದ, 50 ವರ್ಷ ದಾಟಿದ 156 ಜನರನ್ನ ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಖಿನ್ನತೆಗೆ ಕೊಡುವ ಸರ್ಟ್ರಲಿನ್ ಮಾತ್ರೆ, ಒಂದಕ್ಕೆ ಎರಡೂ, 16 ವಾರ. ಕೊನೆಗೆ ಮೂರೂ ಗುಂಪು ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಸುಧಾರಿಸಿತ್ತು, ಮಾತ್ರೆ ತಗೊಂಡವರಿಗೆ ಶುರುವಿನಲ್ಲಿ ಬೇಗ ಗುಣ ಕಂಡಿತ್ತು. ಇದನ್ನ ಒಂದು ಸೆಮಿಸ್ಟರಿನಲ್ಲಿ, ಒಬ್ಬಳು ಹುಡುಗಿ, ಬಸ್ಸಿನಲ್ಲಿ ಓಡಾಡಿಕೊಂಡು ಮಾಡ್ಲಿಕ್ಕೆ ಆಗ್ತದಾ? ಆಗುದಿಲ್ಲ, ಮಾಡ್ಬೇಕಾಗಿಯೂ ಇಲ್ಲ. ಸಂಬಂಧ ಉಂಟಾ ಅಂತ ಕೇಳ್ಬಹುದು, ಹೇಗೆ ಅನಿಸ್ತದೆ ಅಂತ ಕೇಳ್ಬಹುದು, ಯಾಕೆ ಬಿಟ್ರಿ ಅಂತ ಕೇಳ್ಬಹುದು, ಇದೆಲ್ಲಾ ಮರ್ಯಾದೆಯ ಪ್ರಶ್ನೆಗಳೇ.

ಪ್ರಶ್ನಾವಳಿ ನೋಡಿ ನನಗೆ ನಿಜವಾಗಿ ಬೇಜಾರಾಯ್ತು. ಯಾರು ಮಾಡಿದ್ದು, ಯಾವ ವರ್ಷದ್ದು, ಅಂಕ ಹೇಗೆ ಹಾಕುದು ಅಂತ ಇಲ್ಲದ ಝೆರಾಕ್ಸಿನ ಝೆರಾಕ್ಸ್. ಅದರಲ್ಲಿ ಒಂದನ್ನ ಓದಿದ ಕೂಡ್ಲೆ ಗುರ್ತ ಸಿಕ್ಕಿತು, ಅದು ಪಿಎಚ್‌ಕ್ಯೂ-9, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆ. ಅದರ ಒಂಬತ್ತನೇ ಪ್ರಶ್ನೆ ಸತ್ರೆ ಒಳ್ಳೇದಿತ್ತು ಅನ್ನುವ ಯೋಚನೆ, ತನಗೇ ನೋವು ಮಾಡ್ಕೊಳ್ಳುವ ಯೋಚನೆ ಬಂದಿದೆಯಾ ಅಂತ ಕೇಳ್ತದೆ. ಇಪ್ಪತ್ತು ವರ್ಷದ ಹುಡುಗಿ ಅದನ್ನ ಕ್ಲಾಸಿನಲ್ಲಿ ಹಂಚಿ, ಯಾರಾದ್ರೂ ಹೌದು ಅಂತ ಟಿಕ್ ಹಾಕಿದ್ರೆ ಮತ್ತೆ ಎಂತ ಮಾಡುದು? ಅದಕ್ಕೆ ಉತ್ತರ ರೆಡಿ ಇಲ್ಲದೆ ಆ ಪ್ರಶ್ನೆ ಕೇಳ್ಲಿಕ್ಕೆ ಹೋಗ್ಲೇಬಾರದು. ಗೈಡ್ ಒಪ್ಪಿ, ಕಾಲೇಜಿನ ಕೌನ್ಸೆಲರಿಗೆ ಮೊದಲೇ ಹೇಳಿಟ್ಟು, ಫಾರ್ಮಿನಲ್ಲೇ ಸಹಾಯವಾಣಿಗಳಾದ ಟೆಲಿ ಮಾನಸ್ 14416, ಕೇರಳದ ದಿಶಾ 1056 ನಂಬರ್ ಹಾಕಿದ್ರೆ ಅದು ಬೇರೆ ಮಾತು. ಡಿಗ್ರಿ ಮಟ್ಟಕ್ಕೆ ನನ್ನ ಅಭಿಪ್ರಾಯ ಕೇಳಿದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-5 ಪ್ರಶ್ನಾವಳಿ ಸಾಕು, ಐದೇ ಪ್ರಶ್ನೆ, ಕಳೆದ ಎರಡು ವಾರ ಖುಷಿಯಾಗಿ, ಹುರುಪಿನಲ್ಲಿ ಇದ್ರಾ ಅಂತ ಕೇಳ್ತದೆ, 25ರಲ್ಲಿ ಬಂದ ಅಂಕವನ್ನ ನಾಲ್ಕರಿಂದ ಗುಣಿಸಿದ್ರೆ ನೂರರಲ್ಲಿ ಎಷ್ಟು ಅಂತ ಸಿಗ್ತದೆ. ಒತ್ತಡ ಬೇಕಾದ್ರೆ ಕೋಹೆನ್ ಅವರ ಪಿಎಸ್‌ಎಸ್ ಉಂಟು, 1983ರಲ್ಲಿ 14 ಪ್ರಶ್ನೆಯದ್ದಾಗಿ ಬಂದದ್ದು, ಈಗ ಜಾಸ್ತಿ ಬಳಕೆಯಲ್ಲಿರುದು 10 ಪ್ರಶ್ನೆಯದ್ದು.

ಸ್ಯಾಂಪಲ್ ಎಷ್ಟು ಬೇಕು ಅಂತ ಕೇಳಿದ್ದಕ್ಕೆ "ಮೂವತ್ತು ಸಾಕು ಮೋಳೇ" ಅಂದ್ರು. ಎಲ್ಲದಕ್ಕೂ ಮೂವತ್ತು! ಎರಡು ವಿಷಯದ ನಡುವೆ 0.3ರಷ್ಟು ಮಧ್ಯಮ ಸಂಬಂಧ (ಕೋರಿಲೇಶನ್, 0 ಅಂದ್ರೆ ಸಂಬಂಧವೇ ಇಲ್ಲ, 1 ಅಂದ್ರೆ ಪೂರ್ತಿ) ಇದ್ರೆ ಅದನ್ನ ಹತ್ತರಲ್ಲಿ ಎಂಟು ಸಲವಾದ್ರೂ ಹಿಡಿಲಿಕ್ಕೆ ಸುಮಾರು 85 ಜನ ಬೇಕು. ಎರಡು ಗುಂಪನ್ನ ಹೋಲಿಸುದಾದ್ರೆ, ಮಧ್ಯಮ ವ್ಯತ್ಯಾಸಕ್ಕೆ ಗುಂಪಿಗೆ 64ರಂತೆ 128. ಇದನ್ನ ಲೆಕ್ಕ ಹಾಕ್ಲಿಕ್ಕೆ ಜರ್ಮನಿಯ ಡ್ಯುಸೆಲ್‌ಡಾರ್ಫ್ ಯೂನಿವರ್ಸಿಟಿಯವರ ಜಿ-ಪವರ್ ಅಂತ ಸಾಫ್ಟ್‌ವೇರ್ ಉಂಟು, ಫ್ರೀ. ಮೂವತ್ತು ಜನರನ್ನ ಕೇಳಿ ಸಂಬಂಧ ಇಲ್ಲ ಅಂತ ಬರೆದ್ರೆ, ಸಂಬಂಧ ಇಲ್ವಾ, ನಾವು ಸಾಕಷ್ಟು ಜನರನ್ನ ಕೇಳ್ಲಿಲ್ವಾ ಅಂತ ವೈವಾದಲ್ಲಿ ಕೇಳಿದ್ರೆ ಹೇಳ್ಲಿಕ್ಕೆ ಎಂತ ಉಂಟು?

ಅಲ್ಲಿಂದ ಹೊರಟು ಹೊಸ ಬಸ್‌ಸ್ಟ್ಯಾಂಡಿನ ಹತ್ರ ಚಾ ಕುಡಿತಾ ನಾನೂ ಅವಳೂ ಮಾತಾಡಿದ್ದೇ ನಿಜವಾದ ಟಾಪಿಕ್ ಸೆಲೆಕ್ಷನ್, ಇದನ್ನ ಯಾವ ಅಕ್ಕನೂ ಯಾವ ಅಣ್ಣನೂ ಫ್ರೀಯಾಗಿ ಮಾಡ್ಬಹುದು. ಕಾಸರಗೋಡಿನಲ್ಲಿ ಕೂತವರಿಗೆ ಟಾಪಿಕ್‌ಗೆ ಬರ ಉಂಟಾ? ಊರೂರಿಗೆ ಕಬಡ್ಡಿ ಕ್ಲಬ್, ಮೊಗ್ರಾಲ್ ಕಡೆ ಹೋದ್ರೆ ಫುಟ್‌ಬಾಲ್. 1898ರಲ್ಲಿ ನಾರ್ಮನ್ ಟ್ರಿಪ್ಲೆಟ್ ಅನ್ನುವವರು ಸೈಕಲ್ ರೇಸಿನ ದಾಖಲೆ ನೋಡಿ, ಒಬ್ಬನೇ ಓಡಿಸುವುದಕ್ಕಿಂತ ಜೊತೆಗೆ ಯಾರಾದ್ರೂ ಇದ್ರೆ ವೇಗ ಜಾಸ್ತಿ ಯಾಕೆ ಅಂತ ಯೋಚನೆ ಮಾಡಿ, ಮಕ್ಕಳ ಕೈಯಲ್ಲಿ ಮೀನಿನ ಗಾಳದ ದಾರ ಸುತ್ತಿಸಿ ಪರೀಕ್ಷೆ ಮಾಡಿದ್ರು, ಆಟದ ಸೈಕಾಲಜಿಯ ಚರಿತ್ರೆ ಹೇಳುವಾಗ ಇಂದಿಗೂ ಅಲ್ಲಿಂದಲೇ ಶುರು ಮಾಡ್ತಾರೆ. ರಾತ್ರಿ ಲೈಟ್ ಹಾಕಿ ಗದ್ದೆಯಲ್ಲಿ ಮಾಡುವ ಕಬಡ್ಡಿ ಟೂರ್ನಮೆಂಟಿನಲ್ಲಿ ಊರಿನವರೇ ಸುತ್ತ ನಿಂತು ಬೊಬ್ಬೆ ಹಾಕುವಾಗ ರೈಡಿಗೆ ಹೋಗುವ ಹುಡುಗನಿಗೆ ಹೇಗೆ ಅನಿಸ್ತದೆ, ಹುರುಪಾ, ಹೆದರಿಕೆಯಾ, ಹಳೆ ಆಟಗಾರನಿಗೂ ಹೊಸಬನಿಗೂ ವ್ಯತ್ಯಾಸ ಉಂಟಾ? ಟ್ರಿಪ್ಲೆಟ್ ಕೇಳಿದ ಪ್ರಶ್ನೆಯನ್ನೇ ನಮ್ಮ ಗದ್ದೆಗೆ ತಂದು ಕೇಳುದು, ಇದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಎಂತ ಬೇಕು.

ಯಕ್ಷಗಾನ ಕಲಿಯುವ ಮಕ್ಕಳು ಇನ್ನೊಂದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಉಂಟು, ನಾಟ್ಯ ತರಗತಿಗೆ ಹೋಗುವ ದೊಡ್ಡವರೂ ಇದ್ದಾರೆ. ಒಂದು ಗಂಟೆ ಕುಣಿದವರ ಹತ್ರ ಎಷ್ಟು ಶ್ರಮ ಅನಿಸಿತು ಅಂತ ಬೋರ್ಗ್ ಸ್ಕೇಲಿನಲ್ಲಿ ಕೇಳ್ಬಹುದು, 6ರಿಂದ 20ರವರೆಗೆ ಅಂಕ, ಸುಮ್ಮನೆ ಕೂತದ್ದು 6, ಇನ್ನು ಆಗುದೇ ಇಲ್ಲ ಅನ್ನುದು 20, ಹತ್ತರಿಂದ ಗುಣಿಸಿದ್ರೆ ಎದೆಬಡಿತದ ಒಂದು ಅಂದಾಜು ಸಿಗುವ ಹಾಗೆ ಗುನ್ನಾರ್ ಬೋರ್ಗ್ ಮಾಡಿಟ್ಟದ್ದು. ಕ್ಲಾಸಿನ ಮೊದಲು, ಆಮೇಲೆ ಮನಸ್ಥಿತಿ ಹೇಗೆ ಅಂತ ಕೇಳಿದ್ರೆ ಅದೇ ಜನರನ್ನ ಅವರ ಜೊತೆಗೇ ಹೋಲಿಸುದು, ಮಧ್ಯಮ ವ್ಯತ್ಯಾಸ ಇದ್ರೆ 34 ಜನ ಸಾಕಾಗ್ತದೆ. ಶರತ್ತು ಇರುದು ಒಂದೇ, 18 ಆಗದ ಮಕ್ಕಳಾದ್ರೆ ಅಪ್ಪ ಅಮ್ಮನ ಸಹಿ ಬೇಕು, ಮಗುವಿನ ಒಪ್ಪಿಗೆಯೂ ಬೇಕು, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನಿಯಮದಲ್ಲಿ ಅದು ಸ್ಪಷ್ಟ ಉಂಟು. ಟೈಮ್ ಕಮ್ಮಿ ಇರುವವರು 18 ದಾಟಿದವರನ್ನೇ ಕೇಳುದು ಒಳ್ಳೇದು.

ಮಲಪ್ಪುರಂ ಕಡೆಯಿಂದ ಶುರುವಾಗಿ ಮಲಬಾರಿನ ಎಷ್ಟೋ ಊರಿಗೆ ಹಬ್ಬಿದ ಮೆಕ್-7 ಬೆಳಗಿನ ವ್ಯಾಯಾಮದ ಗುಂಪುಗಳೂ ಉಂಟಲ್ಲ, ಗುಂಪಿನಲ್ಲಿ ಮಾಡುವವರು ಒಬ್ಬೊಬ್ಬರೇ ನಡೆಯುವವರಿಗಿಂತ ಜಾಸ್ತಿ ಸಮಯ ಬಿಡದೆ ಮುಂದುವರಿಸ್ತಾರಾ ಅಂತ ನೋಡ್ಬಹುದು.

ಮತ್ತೆ ತೋಟದ ವಿಷಯ. ತಂಗಿ "ನಮ್ಮ ಅಮ್ಮ ವ್ಯಾಯಾಮ ಮಾಡುದೇ ಇಲ್ಲ" ಅಂದಳು. ಚಿಕ್ಕಮ್ಮ ಬೆಳಿಗ್ಗೆ ಹುಲ್ಲು ತಂದು, ಹಟ್ಟಿ ಕೆಲಸ ಮಾಡಿ, ಅಡಿಕೆ ಹೆಕ್ಕಿ, ಅಂಗಳಕ್ಕೆ ಹಾಕಿ, ಸಂಜೆಗೆ ಮತ್ತೆ ಒಟ್ಟು ಮಾಡುವವರು! ಕ್ಯಾಸ್ಪರ್ಸನ್ ಮತ್ತೆ ಇಬ್ಬರು ಸೇರಿ 1985ರಲ್ಲಿ ಇದನ್ನ ಬೇರೆ ಬೇರೆ ಮಾಡಿ ಇಟ್ಟಿದ್ದಾರೆ, ಮೈ ಆಡಿಸುವ ಎಲ್ಲಾ ಕೆಲಸ ದೈಹಿಕ ಚಟುವಟಿಕೆ, ಅದರಲ್ಲಿ ಪ್ಲಾನ್ ಮಾಡಿ, ಕ್ರಮದಲ್ಲಿ, ಮೈಗಟ್ಟಿ ಆಗ್ಬೇಕು ಅಂತಲೇ ಮತ್ತೆ ಮತ್ತೆ ಮಾಡುದು ವ್ಯಾಯಾಮ. ಪ್ರಾಜೆಕ್ಟಿನಲ್ಲಿ ಯಾವುದನ್ನ ಅಳೆಯುದು ಅಂತ ಮೊದಲೇ ತೀರ್ಮಾನ ಮಾಡದಿದ್ರೆ ತೋಟದ ಹೆಂಗಸರೆಲ್ಲ ಸೋಮಾರಿಗಳು ಅಂತ ರಿಪೋರ್ಟ್ ಬರ್ತದೆ, ಅದು ಎಷ್ಟು ದೊಡ್ಡ ಅನ್ಯಾಯ. ದೈಹಿಕ ಚಟುವಟಿಕೆ ಅಳೆಯುವ ಐಪ್ಯಾಕ್ ಅಂತ ಪ್ರಶ್ನಾವಳಿ ಉಂಟಲ್ಲ, ಅದರ ಸಣ್ಣದರಲ್ಲಿ ಏಳೇ ಪ್ರಶ್ನೆ, ದೊಡ್ಡದರಲ್ಲಿ ಉದ್ಯೋಗ, ಓಡಾಟ, ಮನೆ ತೋಟದ ಕೆಲಸ, ಬಿಡುವಿನ ಹೊತ್ತು ಅಂತ ಬೇರೆ ಬೇರೆ ಕೇಳ್ತಾರೆ, ನಮ್ಮ ಊರಿಗೆ ದೊಡ್ಡದೇ ಸರಿ. ಎರಡೂ ಕೇಳುದು ಕಳೆದ ಏಳು ದಿನದ್ದು. ಜುಲೈಯಲ್ಲಿ ಸುರಿಯುವ ಮಳೆಗೆ ಕೇಳಿದ್ರೆ ಒಂದು ಉತ್ತರ, ಡಿಸೆಂಬರಿನಲ್ಲಿ ಕೇಳಿದ್ರೆ ಇನ್ನೊಂದು, ರಂಜಾನ್ ತಿಂಗಳಲ್ಲಿ ಬೇರೆಯೇ. ಅರ್ಧ ಜನರನ್ನ ಮಳೆಗಾಲದಲ್ಲಿ, ಅರ್ಧ ಜನರನ್ನ ಬೇಸಿಗೆಯಲ್ಲಿ ಕೇಳಿ ಒಟ್ಟಿಗೆ ಸೇರಿಸಿದ್ರೆ ಆ ಲೆಕ್ಕಕ್ಕೆ ಅರ್ಥ ಇಲ್ಲ. ಸೆಂಟರಿನ ಪ್ಯಾಕೇಜಿನಲ್ಲಿ ಮಳೆಗಾಲ ಅನ್ನುವ ಮಾತೇ ಇರ್ಲಿಲ್ಲ.

ಒಂದು ವಿಷಯ ಮನಸ್ಸಿಗೆ ನಾಟುವ ಹಾಗೆ ಹೇಳ್ಬೇಕು ಅಂತ ಉಂಟು. ಆ ಲಿಸ್ಟಿನಲ್ಲಿ ಎಂಡೋಸಲ್ಫಾನ್ ಸಂತ್ರಸ್ತರ ಮನೆಯ ತಾಯಂದಿರ ಒತ್ತಡ ಅಂತಲೂ ಒಂದಿತ್ತು, ಹತ್ತಿರದ ಸ್ಯಾಂಪಲ್, ಸುಲಭ ಅಂತ. ದಯವಿಟ್ಟು ಬೇಡ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ವಿಷ ಹಾಕಿದ ಕಾಲದಿಂದ ಆ ಮನೆಗಳಿಗೆ ಫೈಲು ಹಿಡ್ಕೊಂಡು ಬಂದವರಿಗೆ ಲೆಕ್ಕ ಇಲ್ಲ. ಅವರ ಕಷ್ಟ ನಮ್ಮ ಇಂಟರ್ನಲ್ ಮಾರ್ಕಿಗೆ ಇರುದಲ್ಲ. ಅವರಿಗೆ ತಿರುಗಿ ಕೊಡ್ಲಿಕ್ಕೆ ನಮ್ಮ ಹತ್ರ ಎಂತದ್ದೂ ಇಲ್ಲದಿದ್ರೆ ಆ ಬಾಗಿಲು ತಟ್ಟಬಾರದು.

ಕೊನೆಗೆ ತಂಗಿಯ ಟಾಪಿಕ್ ಸಿಕ್ಕಿದ್ದು ಅವಳ ಬಾಯಿಂದಲೇ. ಹೈಸ್ಕೂಲಿನಲ್ಲಿ ಖೋ-ಖೋ ಆಡ್ತಿದ್ದಳು, ಕುಂಬಳೆ ಉಪಜಿಲ್ಲಾ ಕ್ರೀಡಾಕೂಟಕ್ಕೆ ಹೋದವಳು. ಪ್ಲಸ್ ಟೂ ಮುಗಿಯುವಾಗ ಆಟ ನಿಂತು ಹೋಗಿತ್ತು. "ನಾನು ಮಾತ್ರ ಅಲ್ಲ ಅಕ್ಕಾ, ನಮ್ಮ ಟೀಮಿನಲ್ಲಿ ಈಗ ಒಬ್ಬಳೂ ಆಡುದಿಲ್ಲ" ಅಂದಳು. ಯಾಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಾಗಿ, "ಯಾರೂ ಬೇಡ ಅಂತ ಹೇಳ್ಲಿಲ್ಲ, ಆದ್ರೂ ನಿಂತಿತು" ಅಂದಳು. ನೋಡಿ, ಇದು ಪ್ರಶ್ನೆ! ಇದನ್ನ ಯಾವ ಲಿಸ್ಟಿನಲ್ಲಿ ಹುಡುಕಿದ್ರೆ ಸಿಗ್ತದೆ? ಪ್ರಪಂಚದ್ದೇ ಲೆಕ್ಕ ನೋಡಿದ್ರೂ 146 ದೇಶಗಳ ಮಾಹಿತಿ ಸೇರಿಸಿ ವಿಶ್ವ ಆರೋಗ್ಯ ಸಂಸ್ಥೆಯವರು ತೆಗೆದದ್ದರಲ್ಲಿ, 2016ರ ಹೊತ್ತಿಗೆ 11ರಿಂದ 17 ವರ್ಷದ ಹುಡುಗಿಯರಲ್ಲಿ 100ಕ್ಕೆ 85 ಜನ, ಹುಡುಗರಲ್ಲಿ 78 ಜನ ದಿನಕ್ಕೆ ಒಂದು ಗಂಟೆಯ ಚಟುವಟಿಕೆ ಮಾಡುವವರಲ್ಲ. ಅಂಕಿ ಅಷ್ಟು ಹೇಳ್ತದೆ, ಯಾಕೆ ನಿಂತಿತು ಅಂತ ಆ ಹುಡುಗಿಯರೇ ಹೇಳ್ಬೇಕು.

ಹಾಗೆ ಶಾಲೆಯಲ್ಲಿ ಆಡ್ತಿದ್ದು ಡಿಗ್ರಿಗೆ ಬಂದ ಮೇಲೆ ಬಿಟ್ಟ, 18 ದಾಟಿದ ಹುಡುಗಿಯರ ಹತ್ರ ಕೂತು ಮಾತಾಡುದು ಅಂತ ಆಯ್ತು. ಹತ್ತು ಹನ್ನೆರಡು ಜನ, ಒಬ್ಬೊಬ್ಬರ ಜೊತೆ ಮುಕ್ಕಾಲು ಗಂಟೆ. ಕನ್ನಡ, ತುಳು, ಮಲಯಾಳಂ, ಬ್ಯಾರಿ, ಅವರಿಗೆ ಯಾವುದರಲ್ಲಿ ಮನಸ್ಸು ಬಿಚ್ಚಿ ಮಾತಾಡ್ಲಿಕ್ಕೆ ಬರ್ತದೋ ಅದರಲ್ಲಿ, ಏಳು ಭಾಷೆಯ ಊರಿನಲ್ಲಿ ಹುಟ್ಟಿದ್ದಕ್ಕೆ ಇಷ್ಟು ಲಾಭವಾದ್ರೂ ಆಗ್ಬೇಡ್ವಾ. ಸೈಕಾಲಜಿಯ ಡೆಸಿ ಮತ್ತೆ ರಯಾನ್ ಹೇಳಿದ, ಮನುಷ್ಯನ ಮನಸ್ಸಿಗೆ ಬೇಕಾದ ಮೂರು ಅಗತ್ಯ ಉಂಟಲ್ಲ, ನನ್ನ ಇಷ್ಟದಿಂದ ಮಾಡ್ತೇನೆ ಅನ್ನುದು, ನನ್ನಿಂದ ಆಗ್ತದೆ ಅನ್ನುದು, ನನ್ನ ಜೊತೆಗೆ ಜನ ಇದ್ದಾರೆ ಅನ್ನುದು, ಈ ಮೂರರಲ್ಲಿ ಎಂತ ಕಡಿದು ಹೋಯ್ತು ಅಂತ ಆ ಮಾತುಗಳಲ್ಲಿ ನೋಡುದು. ರೆಕಾರ್ಡ್ ಮಾಡಿದ್ದನ್ನ ಬರೆದು ತೆಗೆದು, ಬ್ರಾನ್ ಮತ್ತೆ ಕ್ಲಾರ್ಕ್ 2006ರಲ್ಲಿ ಬರೆದ ಆರು ಹಂತದ ಥೀಮ್ಯಾಟಿಕ್ ಅನಾಲಿಸಿಸ್, ಅಂದ್ರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುವ ವಿಷಯಗಳನ್ನ ಹೆಕ್ಕುದು, ಮಾಡುದು. ಅವಳ ಗೈಡ್ ಟೀಚರ್ ಒಂದೇ ಪ್ರಶ್ನೆ ಕೇಳಿದ್ರಂತೆ, "ನಿನ್ನ ಟೀಮಿನವರನ್ನೇ ಕೇಳಿದ್ರೆ ನಿನಗೆ ಯಾವ ಉತ್ತರ ಬೇಕೋ ಅದನ್ನೇ ಅವರು ಹೇಳುದಿಲ್ವಾ?" ಅಂತ. ಎಷ್ಟು ಒಳ್ಳೆ ಪ್ರಶ್ನೆ. ಅದಕ್ಕೆ ಬೇರೆ ಶಾಲೆಗಳಲ್ಲಿ ಆಡಿದವರನ್ನ ಹುಡುಕಿದಳು, ಬದಿಯಡ್ಕ, ಮಂಜೇಶ್ವರ, ಪೈವಳಿಕೆ ಕಡೆಯವರು. ಐದು ನಿಮಿಷದಲ್ಲಿ ಗೈಡ್ ಕೊಟ್ಟ ಈ ಒಂದು ಮಾತು ಆ ಪ್ಯಾಕೇಜಿನ ಎಲ್ಲಾ ಹಾಳೆಗಿಂತ ಜಾಸ್ತಿ ಬೆಲೆಬಾಳ್ತದೆ, ಮಕ್ಕಳೇ, ಗೈಡಿನ ಹತ್ರ ಹೋಗ್ಲಿಕ್ಕೆ ಹೆದರ್ಬೇಡಿ.

ಓದ್ಲಿಕ್ಕೆ ಬೇಕಾದ್ದೆಲ್ಲ ಫ್ರೀ ಸಿಗ್ತದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ನಮ್ಮ ದೇಶದ ಪಿಎಚ್‌ಡಿ ಥೀಸಿಸ್‌ಗಳು ಉಂಟು, ಪೂರ್ತಿ ಓದ್ಬೇಕು ಅಂತಿಲ್ಲ, ಕೊನೆಯ ಅಧ್ಯಾಯದಲ್ಲಿ ಮುಂದೆ ಯಾರಾದ್ರೂ ಇದನ್ನ ಮಾಡ್ಬಹುದು ಅಂತ ಬರೆದಿರ್ತಾರೆ, ಅಲ್ಲಿ ಕಣ್ಣಾಡಿಸಿ, ಪ್ರಶ್ನಾವಳಿಯನ್ನ ಕನ್ನಡಕ್ಕೆ ಹೇಗೆ ತಂದ್ರು ಅಂತಲೂ ಕೆಲವರದ್ದರಲ್ಲಿ ಸಿಗ್ತದೆ. ವೈದ್ಯಕೀಯ ಸಂಶೋಧನಾ ಲೇಖನ ಹುಡುಕುವ ವೆಬ್‌ಸೈಟ್ ಪಬ್‌ಮೆಡ್‌ನಲ್ಲಿ ಸಾರಾಂಶ ಎಲ್ಲರಿಗೂ ಓದ್ಲಿಕ್ಕೆ ಸಿಗ್ತದೆ, ಫ್ರೀ ಪೂರ್ತಿ ಲೇಖನ ಮಾತ್ರ ತೋರಿಸು ಅಂತ ಒಂದು ಫಿಲ್ಟರ್ ಉಂಟು, ಅದನ್ನ ಒತ್ತಿ. ಮೊದಲು ರಿವ್ಯೂ ಲೇಖನ ಒಂದೆರಡು ಓದಿ, ಆಮೇಲೆ ಬಿಡಿ ಬಿಡಿ ಅಧ್ಯಯನಕ್ಕೆ ಹೋಗಿ, ಇಲ್ಲದಿದ್ರೆ ತಲೆ ಕೆಡ್ತದೆ.

ಇನ್ನು ಸೆಂಟರಿನ ಡಾಟಾ ಅನಾಲಿಸಿಸ್ ಸರ್ವಿಸ್ ಬಗ್ಗೆ ಯಾರಾದ್ರೂ ಕೇಳ್ತೀರಿ ಅಂತ ಗೊತ್ತುಂಟು. ಟೇಬಲ್ ಎಲ್ಲಾ ನೀಟಾಗಿ ಮಾಡಿ ಕೊಡ್ತಾರೆ, ಅಲ್ಲಿ ಕಾಯ್ತಾ ಇದ್ದ ಒಬ್ಬ ಹುಡುಗನದ್ದು ನೋಡಿದೆ. ಆದ್ರೆ ಅವನ ಹತ್ರ ಈ ಟೆಸ್ಟ್ ಯಾಕೆ ಹಾಕಿದ್ದು ಅಂತ ಕೇಳಿದ್ರೆ ಪಾಪ ಅವನಿಗೆ ಗೊತ್ತಿರ್ಲಿಲ್ಲ. ಜಮೋವಿ, ಜಾಸ್ಪ್ ಎರಡೂ ಅಂಕಿಅಂಶದ ಲೆಕ್ಕ ಮಾಡುವ ಫ್ರೀ ಸಾಫ್ಟ್‌ವೇರ್, ಎಕ್ಸೆಲ್ ಗೊತ್ತಿರುವವರಿಗೆ ಕಷ್ಟ ಇಲ್ಲ, ಲ್ಯಾಪ್‌ಟಾಪ್ ಇಲ್ಲದವರು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹಾಕಿ ಕೊಡ್ಲಿಕ್ಕೆ ಕೇಳಿ. ಒಂದು ಸರಾಸರಿ, ಒಂದು ಕೋರಿಲೇಶನ್ ನೀವೇ ಕೂತು ತೆಗೆದದ್ದಾದ್ರೆ ವೈವಾದಲ್ಲಿ ಯಾವ ಎಕ್ಸ್‌ಟರ್ನಲ್ ಬಂದು ಕೂತ್ರೂ ಉತ್ತರ ಹೇಳ್ಬಹುದು. ಡಾಟಾ ಮಾತ್ರ ಯಾವುದೇ ಸೆಂಟರಿನ ಪೆನ್‌ಡ್ರೈವಿಗೆ ಹೆಸರು, ಫೋನ್ ನಂಬರ್ ಇದ್ದ ಹಾಗೇ ಹಾಕಿ ಕೊಡ್ಬೇಡಿ, ನಿಮ್ಮನ್ನ ನಂಬಿ ಹೇಳಿದವರ ಮಾತು ಅದು, ಹೆಸರು ತೆಗೆದು ಬರೇ ನಂಬರ್ ಹಾಕಿ, ಹೆಸರಿನ ಲಿಸ್ಟನ್ನ ಬೇರೆ ಕಡೆ ಬೀಗ ಹಾಕಿ ಇಡಿ.